ಕರುವಿನ ಕಿವಿಯ ಕಚ್ಚು

ಲೋವೊಝೆರೊ,
ಮಾರ್ಚ್ 9, 2023

ನನ್ನ ಮಗಳು ಉಸ್ತಿನ್ಯಾಗೆ,

ಮೊಣಕಾಲು ಹೇಗಿದೆ? ಮೀನಿನ ಕಾರ್ಖಾನೆಯ ಒದ್ದೆ ನೆಲದ ಮೇಲೆ ಮೂವತ್ತು ವರ್ಷ ನಿಂತರೆ ಕಬ್ಬಿಣದ ಕಾಲಿಗೂ ತುಕ್ಕು ಹಿಡಿಯುತ್ತದೆ. ನಾನು ಕಳಿಸಿದ ಹಿಮಸಾರಂಗದ ಕೊಬ್ಬು ತಿಕ್ಕಿಕೊಳ್ಳುತ್ತಿದ್ದೀಯೋ, ವಾಸನೆ ಎಂದು ಬಿಸಾಕಿದೆಯೋ? ಬಿಸಾಕಿದ್ದರೆ ಹೇಳಿಬಿಡು, ಇನ್ನು ಕಳಿಸುವುದಿಲ್ಲ. ನನಗೇನೂ ಆಗಿಲ್ಲ. ಹಲ್ಲು ಎರಡು ಉಳಿದಿವೆ, ಸಿಟ್ಟು ಪೂರ್ತಿ ಉಳಿದಿದೆ.

ನೀನು ಹೇಳಿದಂತೆ ಸೋಮವಾರ ನಿನ್ನ ಕಾಗದಗಳನ್ನು ಎತ್ತಿಕೊಂಡು, ಸಾಮಿ ಜನರ ಪಟ್ಟಿಗೆ ನಿನ್ನ ಹೆಸರು ಸೇರಿಸಲು ಕಚೇರಿಗೆ ಹೋದೆ. ಗೋಡೆಯ ಮೇಲೆ ಇಷ್ಟಗಲದ ಚಿತ್ರ ಅಂಟಿಸಿದ್ದಾರೆ. ನಮ್ಮ ಜನದ ಉಡುಪು ಹಾಕಿದ ಹತ್ತು ವರ್ಷದ ಹುಡುಗಿ ನಗುತ್ತಿದ್ದಾಳೆ, ತಲೆಯ ಮೇಲೆ ಮದುವೆಯಾದ ಹೆಂಗಸಿನ ಟೋಪಿ! ಕೆಳಗೆ, ಸಣ್ಣ ಜನಾಂಗಗಳ ಹಕ್ಕನ್ನು ಸರ್ಕಾರ ಕಾಪಾಡುತ್ತದೆ ಎಂದು ದಪ್ಪಕ್ಷರ. ಟೋಪಿ ಯಾರದ್ದೆಂದು ಗೊತ್ತಿಲ್ಲದವರು ಹಕ್ಕು ಯಾರದ್ದೆಂದು ತೀರ್ಮಾನ ಮಾಡುತ್ತಾರೆ. ಮೇಜಿನ ಹಿಂದೆ ಕೂತ ಹುಡುಗಿ ದಕ್ಷಿಣದ ಕಡೆಯವಳು, ನಮ್ಮ ಚಳಿಗೆ ಮೂಗು ಕೆಂಪಾಗಿತ್ತು. "ತಾತ, ನಿಮ್ಮ ಹಕ್ಕು ಕಾಪಾಡೋಕೇ ಈ ಪಟ್ಟಿ ಮಾಡಿರೋದು" ಎಂದಳು. "ಯಾರಿಂದ ಕಾಪಾಡ್ತೀರಮ್ಮಾ? ನನ್ನ ಮಗಳ ಮೀನಿನ ಬಲೆ ಕಿತ್ಕೊಂಡು ಹೋದವರು ಸರ್ಕಾರದ ದೋಣೀಲೇ ಬಂದಿದ್ರು" ಎಂದೆ. ಅವಳು ಕಂಪ್ಯೂಟರಿಗೆ ತಿರುಗಿ ನಮ್ಮ ಹೆಸರು ಹುಡುಕಿದಳು.

ಪಟ್ಟಿಯಲ್ಲಿ ನನ್ನ ಹೆಸರು ಇದೆಯಂತೆ. ನಾನು ಎಷ್ಟು ಬಲೆ ಬೇಕಾದರೂ ಹಾಕಬಹುದು, ಹಾಕಲು ಬೆನ್ನಲ್ಲಿ ಬಲವಿಲ್ಲ ಅಷ್ಟೆ. ನಿನ್ನ ಹೆಸರು ಬರುವುದಿಲ್ಲವಂತೆ. ನಿನ್ನ ಜನನ ಪತ್ರದಲ್ಲಿ ತಂದೆ ರಷ್ಯನ್, ತಾಯಿ ರಷ್ಯನ್ ಎಂದಿದೆ. ಪಟ್ಟಿಯಲ್ಲಿ ಇಲ್ಲದವರು ನಮ್ಮಜ್ಜನ ಕೆರೆಗೆ ಬಲೆ ಇಳಿಸಿದರೆ ಕಳ್ಳತನ. "ತಂದೆ ನಾನೇ ಕಣಮ್ಮಾ, ನಿನ್ನ ಎದುರಿಗೇ ಕೂತಿದೀನಲ್ಲ" ಎಂದೆ. "ನೀವು ಸಾಮಿ, ತಾತ. ಇದರಲ್ಲಿರೋ ಯೆಫಿಮ್ ರಷ್ಯನ್. ಕಾಗದದ ಪ್ರಕಾರ ಅವರೇ ಬೇರೆ." "ಹಂಗಾದ್ರೆ ಅವನನ್ನ ಕರೆಸು. ನನ್ನ ಹೆಂಡ್ತಿ ಹತ್ರ ಅವನಿಗೇನು ಕೆಲಸ ಇತ್ತು ಅಂತ ಕೇಳ್ತೀನಿ!" ಸಾಲಿನಲ್ಲಿ ನಿಂತಿದ್ದ ಪಕ್ಕದ ಮನೆ ಪರಸ್ಕೋವ್ಯಾ ನಗು ತಡೆಯಲಾಗದೆ ಬೆಂಚಿನ ಮೇಲೆ ಕುಸಿದಳು. ನನಗೆ ನಗು ಬರಲಿಲ್ಲ.

ಆಗ ಜೇಬಿನಿಂದ ಕಿವಿ ತೆಗೆದು ಮೇಜಿನ ಮೇಲಿಟ್ಟೆ. ನೀನು ಹುಟ್ಟಿದ ವಾರ ನನ್ನಪ್ಪ ನಿನ್ನ ಹೆಸರಿಗೆ ಬಿಟ್ಟ ಸಾರಂಗದ ಕರು ನೆನಪಿದೆಯಲ್ಲ, ಬಿಳಿ ಮೂತಿಯದು? ಅದು ಮುದಿಯಾಗಿ ಸತ್ತಾಗ ಎಡಗಿವಿ ಕೊಯ್ದು ಒಣಗಿಸಿಟ್ಟಿದ್ದೆ. ತುದಿಯಲ್ಲಿ ಚಾಕುವಿನಿಂದ ಕೊರೆದ ನಮ್ಮ ಮನೆತನದ ಗುರುತು, ಎರಡು ಕಚ್ಚು, ಅದರ ಕೆಳಗೆ ನಿನಗೆಂದೇ ಅಪ್ಪ ಹಾಕಿದ ಒಂದು ಚಿಕ್ಕ ಕಚ್ಚು. ಇಡೀ ಬಯಲಿನಲ್ಲಿ ಅಂಥದ್ದು ಇನ್ನೊಂದಿಲ್ಲ. ಸಾವಿರ ಸಾರಂಗದ ಹಿಂಡಿನಲ್ಲೂ ಕುರುಡನೂ ಬೆರಳಾಡಿಸಿ, ಇದು ಯೆಫಿಮನ ಮಗಳದ್ದು ಎಂದು ಹೇಳುತ್ತಿದ್ದ. ಹುಡುಗಿ ಪೆನ್ನಿನ ತುದಿಯಿಂದ ಅದನ್ನು ಅತ್ತ ತಳ್ಳಿದಳು. "ಇದಕ್ಕೆ ಮೊಹರಿಲ್ಲ, ತಾತ." "ಇದೇ ಕಣೇ ಮೊಹರು!" ಎಂದು ಮೇಜು ಗುದ್ದಿದೆ. ಅವಳ ಚಹಾ ಚೆಲ್ಲಿತು. ಕಾವಲಿನವನು ತೋಳು ಹಿಡಿದು ಹೊರಗೆ ಬಿಟ್ಟ.

ಮೆಟ್ಟಿಲ ಮೇಲೆ ನಿಂತು ಬೈಯುತ್ತಿದ್ದಾಗ ಅದೇ ಹುಡುಗಿ ಕೋಟು ಕೂಡ ಹಾಕಿಕೊಳ್ಳದೆ ಓಡಿ ಬಂದಳು. ಕಿವಿಯನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದಳು. "ಇಪ್ಪತ್ತೆಂಟಕ್ಕೆ ನಿಮ್ಮ ಮಗಳ ಬಲೆ ಕೇಸು ಕೋರ್ಟಿಗೆ ಬರುತ್ತೆ ತಾತ. ಜನನ ಪತ್ರದಲ್ಲಿ ರಷ್ಯನ್ ಅಂತ ಹೇಗೆ ಬರೆದ್ರು ಅನ್ನೋದನ್ನ, ಅಲ್ಲಿದ್ದವರು ಯಾರಾದ್ರೂ ಬಂದು ಹೇಳಿದ್ರೆ ಜಡ್ಜು ಕೇಳಬಹುದು. ಯಾರಾದ್ರೂ ಬದುಕಿದಾರಾ?" ಎಂದಳು. ನೋಡುತ್ತೇನೆ ಎಂದೆ. ಹಲ್ಲು ಕಟಕಟಿಸುತ್ತಾ ಒಳಗೆ ಹೋದಳು. ಕೆಟ್ಟವಳಲ್ಲ. ಕೆಟ್ಟದ್ದು ಅವಳ ಕೈಗೆ ಕೊಟ್ಟಿರುವ ಕೆಲಸ.

ಹೋದ ಶರತ್ಕಾಲದಲ್ಲಿ ಬಲೆ ಕಳೆದುಕೊಂಡ ಮಾರನೆಯ ದಿನ ನೀನು ಅಮ್ಮನ ಸಮಾಧಿಯ ಮುಂದೆ ನಿಂತು ಕೂಗಿದ್ದು ಇನ್ನೂ ಕಿವಿಯಲ್ಲಿದೆ. "ನಮ್ಮ ಜನ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಯ್ತೇನಮ್ಮಾ ನಿಂಗೆ? ಪತ್ರದಲ್ಲಿ ನಿನ್ನದೇ ಸಹಿ ಇದೆ!" ನಾನು ಪಕ್ಕದಲ್ಲಿ ಹುಲ್ಲು ಕೀಳುತ್ತಿದ್ದೆ. ಕಿತ್ತಿದ್ದನ್ನೇ ಕಿತ್ತೆ.

ಗೆನ್ನಾದಿಗೆ ನಾನು ಕೇಳಿದೆ ಎಂದು ಹೇಳು, ಅಳಿಯನಾಗಿ ಅವನು ಪರವಾಗಿಲ್ಲ. ದೇವರು ನಿನ್ನ ಕಾಲಿಗೆ ಬಲ ಕೊಡಲಿ. ನಾಲಿಗೆಗೆ ಬೇಡ, ಅದಕ್ಕೆ ನಾನು ಕೊಟ್ಟಿದ್ದೇ ಹೆಚ್ಚಾಯಿತು.

ನಿನ್ನ ಅಪ್ಪ,
ಯೆಫಿಮ್

ಮರೆತಿದ್ದೆ. ಅಲ್ಲ, ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನ ಜನನ ಪತ್ರದಲ್ಲಿ ಹಾಗೆ ಬರೆಸಿದ್ದು ನಿನ್ನ ಅಮ್ಮ ಅನ್ಫೀಸಾ ಅಲ್ಲ, ನಾನು. ಆಗ ನಮಗೆ ಜನಾಂಗ ನಮೂದಿಸಿದ ಪಾಸ್‌ಪೋರ್ಟ್ ಇರಲಿಲ್ಲ, ಬಾಯಲ್ಲಿ ಹೇಳಿದ್ದನ್ನೇ ಬರೆದುಕೊಳ್ಳುತ್ತಿದ್ದರು. ಗುಮಾಸ್ತ "ಯಾವ ಜನ?" ಎಂದ. ಅನ್ಫೀಸಾ ಬಾಯಿ ತೆರೆಯುವಷ್ಟರಲ್ಲಿ ನಾನು ಬೂಟಿನಿಂದ ಅವಳ ಕಾಲು ತುಳಿದೆ. "ರಷ್ಯನ್ನರು, ಇಬ್ಬರೂ" ಎಂದೆ. ವಸತಿ ಶಾಲೆಯಲ್ಲಿ ನಮ್ಮ ಭಾಷೆ ಆಡಿದ್ದಕ್ಕೆ ಬಾಯಲ್ಲಿ ಸೋಪು ಕಚ್ಚಿ ಮೂಲೆಯಲ್ಲಿ ನಿಂತವನು ನಾನು, ನಾಲ್ಕನೇ ಕ್ಲಾಸಿಗೇ ಓಡಿ ಬಂದವನು. ನೀನು ಹಾಗೆ ನಿಲ್ಲಬಾರದು ಎಂದು ನನಗಿತ್ತು. ಸಹಿ ಮಾಡಲು ಪೆನ್ನನ್ನು ಅವಳತ್ತ ತಳ್ಳಿದೆ, ಅವಳು ಮಾಡಿದಳು. ಮನೆಯವರೆಗೂ ಕುಂಟುತ್ತಾ ಬಂದಳು. ವಸಂತದವರೆಗೆ ನನ್ನ ಹತ್ತಿರ ಮಾತಾಡಲಿಲ್ಲ, ನಿನ್ನ ಹತ್ತಿರ ಸಾಯುವವರೆಗೆ ಹೇಳಲಿಲ್ಲ. ಇಪ್ಪತ್ತೆಂಟಕ್ಕೆ ಕೋರ್ಟಿನಲ್ಲಿ ನಾನೇ ಹೇಳುತ್ತೇನೆ. ಅದಕ್ಕೆ ಮೊದಲು ಊರಿಗೆ ಬಾ. ನನ್ನ ಮನೆಗೆ ಆಮೇಲೆ, ಬರದಿದ್ದರೂ ಸರಿ. ಮೊದಲು ಅವಳ ಹತ್ತಿರ ಹೋಗಿ ಅಂದದ್ದನ್ನು ವಾಪಸ್ ತೆಗೆದುಕೋ. ಹಿಮ ಸೊಂಟದವರೆಗೆ ಬಿದ್ದಿದೆ. ಸಮಾಧಿಯವರೆಗೂ ದಾರಿ ಅಗೆದಿದ್ದೇನೆ, ಮತ್ತೆ ಮುಚ್ಚಿದರೆ ಮತ್ತೆ ಅಗೆಯುತ್ತೇನೆ.