ಮಂಗಟ್ಟೆಗೆ ಗಂಗಾಳ ಬಡಿದದ್ದು

ಕಡಲ ದಂಡೆಯ ಬಿಡಾರ,
ಕುಮಟೆಯ ಆಚೆ
೧೪ ಮಾರ್ಚ್ ೧೯೮೨

ತಡಸದಲ್ಲಿರುವ ನನ್ನ ಅವ್ವ ಚೌಡವ್ವನಿಗೆ, ಕಾಡು ಮುಗಿದು ಕಡಲು ಶುರುವಾಗುವ ಜಾಗದಿಂದ ಮಗಳು ಗುತ್ತೆವ್ವನ ನಮಸ್ಕಾರ.

ಮೊದಲು ಸುದ್ದಿ, ಉಳಿದದ್ದು ಆಮೇಲೆ. ಗೆದ್ದೆ ಅವ್ವ! ಹುಲಿ ಹಿಡಿದಿಲ್ಲ, ಹಾವು ಕಚ್ಚಿಲ್ಲ, ಸಮುದ್ರ ಎಳೆದುಕೊಂಡು ಹೋಗಿಲ್ಲ. ಇಲ್ಲಿ ಹಕ್ಕಿಗಳ ಅಧ್ಯಯನ ನಡೆಸುವ ಮುಮ್ತಾಜಬೇಗಂ ಮೇಡಂ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡರು. ಮಳೆ ಹಿಡಿಯುವವರೆಗೂ ನಾನು ಇಲ್ಲೇ. ಈ ಪತ್ರ ಓದಿ ಹೇಳುತ್ತಿರುವ ಮಂಜಪ್ಪ ಕಾಕಾ, ಈ ಸಾಲನ್ನು ನುಂಗಬೇಡಿ. ಇನ್ನೊಮ್ಮೆ ಜೋರಾಗಿ ಓದಿ.

ನೀನು ಹಾಕಿದ ಷರತ್ತು ನಿನಗೇ ನೆನಪಿರಬೇಕು. "ನಿಮ್ಮತ್ತಿ ಖುದ್ದ ಬಂದು ನೋಡಿ ಹೂಂ ಅಂದ್ರ ಹೋಗು" ಅಂದಿದ್ದೆ. ಅತ್ತೆ ಶಾರವ್ವ ಹಾನಗಲ್ ಬಿಟ್ಟರೆ ತವರೂರು ಸವಣೂರು, ಅದು ಬಿಟ್ಟರೆ ಬೇರೆ ಊರಿನ ನೀರು ಕುಡಿದವರಲ್ಲ. ಅವರು ಹೊರಡುವುದೂ ಇಲ್ಲ, ಹೂಂ ಅನ್ನುವುದೂ ಇಲ್ಲ ಎಂದು ನೀನು ಲೆಕ್ಕ ಹಾಕಿದ್ದೆ. ಬಿ.ಎಸ್ಸಿ. ಓದಿ, ಗಂಡನ ಮನೆ ಸೇರಿ, ಈಗ ಹಕ್ಕಿ ನೋಡುವ ನೌಕರಿಯಂತೆ ಎಂದು ಓಣಿಯ ಮಂದಿ ನಗುತ್ತಾರೆಂಬ ಚಿಂತೆ ನಿನ್ನದು. ನಿನ್ನ ಅಳಿಯ ಯಲ್ಲಪ್ಪನವರು ಮಾತ್ರ ತಾವೇ ಚೀಲ ತುಂಬಿಕೊಟ್ಟರು.

ಅತ್ತೆ ಹೊರಟೇಬಿಟ್ಟರು. ಶಿರಸಿ ದಾಟಿ ಘಟ್ಟ ಇಳಿಯುವಷ್ಟೂ ಹೊತ್ತು ಕಣ್ಣು ಮುಚ್ಚಿಕೊಂಡು ಡ್ರೈವರನ ವಂಶವನ್ನೆಲ್ಲ ಬೈದರು. ಹೊಳೆ ದಾಟಲು ದೋಣಿ ಹತ್ತಿಸುವಾಗ ನನ್ನ ತೋಳಿಗೆ ಜೋತುಬಿದ್ದದ್ದಕ್ಕೆ ಬಳೆಯ ಗುರುತು ಇನ್ನೂ ಇದೆ. ಕಡಲು ಕಂಡಾಗ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಇಷ್ಟು ನೀರಿದ್ದೂ ಒಂದು ಎತ್ತಿಗೆ ಕುಡಿಸಾಕ ಬರೂದಿಲ್ಲಂದ್ರ ಇದನ್ನೇನು ಸುಡೂದು?" ಎಂದರು. ಕಾಡಿನೊಳಗೆ ಬೆಕ್ಕಿಗಿಂತ ದೊಡ್ಡ ಕೆಂದಳಿಲು ಕೊಂಬೆಯಿಂದ ಕೊಂಬೆಗೆ ಜಿಗಿದಾಗ ನನ್ನನ್ನು ಮುಂದೆ ದೂಡಿ ತಾವು ನನ್ನ ಬೆನ್ನಿಗೆ ಅಡಗಿದರು. ಇಲ್ಲಿಯ ಮರಗಳನ್ನು ಕತ್ತೆತ್ತಿ ನೋಡಿದರೆ ಸೆರಗು ಜಾರುತ್ತದೆ ಅವ್ವ, ತುದಿ ಮಾತ್ರ ಕಾಣುವುದಿಲ್ಲ.

ನನ್ನ ಕೆಲಸ ಏನೆಂದು ನೀನು ಕೇಳಲೇ ಇಲ್ಲ, ಈಗ ಕೇಳು. ಒಂದು ದೊಡ್ಡ ಮರದ ಪೊಟರೆಯಲ್ಲಿ ಹೆಣ್ಣು ಮಂಗಟ್ಟೆ ಹಕ್ಕಿ ಮೊಟ್ಟೆಯಿಟ್ಟು ಒಳಗೇ ಕೂತಿದೆ. ಬಾಗಿಲನ್ನು ತಾನೇ ಮೆತ್ತಿ ಮುಚ್ಚಿಕೊಂಡಿದೆ, ಕೊಕ್ಕು ಹೊರಗೆ ಬರುವಷ್ಟು ಸೀಳು ಮಾತ್ರ ಬಿಟ್ಟಿದೆ. ಗಂಡು ಹಣ್ಣು ತಂದು ಅದರಲ್ಲಿ ಉಣಿಸಬೇಕು. ಗಂಡು ಬರುವುದು ನಿಂತರೆ ತಾಯಿ, ಮರಿ ಎರಡಕ್ಕೂ ಗತಿಯಿಲ್ಲ. ಎಲೆಯ ಮರೆಯಲ್ಲಿ ಕೂತು, ಅದು ಬಂದದ್ದು ಹೋದದ್ದು ಬರೆದುಕೊಳ್ಳುವುದು ನನ್ನ ಕೆಲಸ. ಇದನ್ನು ಕೇಳಿ ಅತ್ತೆ, "ನನ್ನ ಬಾಣಂತನದಾಗ ನಿಮ್ಮ ಮಾವ ಬದುಕಿದ್ದೂ ಒಂದು ಉತ್ತತ್ತಿ ತರಲಿಲ್ಲ" ಎಂದು ನಿಟ್ಟುಸಿರು ಬಿಟ್ಟರು.

ಮೇಡಂ ಕೂಡ ಸವಣೂರಿನವರೇ, ಹುಬ್ಬಳ್ಳಿಯ ಕಾಲೇಜಿನಲ್ಲಿ ಕಲಿಸುತ್ತಾರೆ. ಮಾತು ಮೆತ್ತಗೆ, ನಿಯಮ ಗಟ್ಟಿ. "ಗೂಡಿಗೆ ತ್ರಾಸ ಆತಂದ್ರ ಮರುದಿನದ ಬಸ್ಸಿಗೆ ಹತ್ತಸ್ತೇನಿ, ಸಿಟ್ಟು ಮಾಡ್ಕೋಬ್ಯಾಡ" ಎಂದು ಮೊದಲೇ ಹೇಳಿದ್ದರು.

ನಿನ್ನೆ ಬೆಳಿಗ್ಗೆ ಅತ್ತೆಯೂ ನಮ್ಮ ಜೊತೆ ಬಂದು ಮರೆಯಲ್ಲಿ ಕೂತರು, ಮಡಿಲಲ್ಲಿ ಬುತ್ತಿಯ ಹಿತ್ತಾಳೆ ಗಂಗಾಳ. ಸ್ವಲ್ಪ ಹೊತ್ತಿಗೆ ಮೇಲಿಂದ ಅಕ್ಕಿ ಗಿರಣಿಯ ಪಟ್ಟಾ ತಿರುಗಿದಂಥ ಸದ್ದು. ರೆಕ್ಕೆಯ ಸದ್ದು ಅವ್ವ! ಆಳುದ್ದದ ರೆಕ್ಕೆ, ಹಳದಿ ಕೊಕ್ಕು, ಕೊಕ್ಕಿನ ಮೇಲೆ ಮತ್ತೊಂದು ಕೊಕ್ಕಿಟ್ಟ ಹಾಗೆ ಕಿರೀಟ. ಗಂಡು ಮಂಗಟ್ಟೆ ಎದುರಿನ ಬಸರಿ ಮರದ ಹಣ್ಣಿನ ನಡುವೆ ಬಂದು ಕೂತಿತು. ನಾನು ಬರೆದುಕೊಳ್ಳಲು ಪೆನ್ಸಿಲ್ ಎತ್ತಿದೆ. ಅಷ್ಟರಲ್ಲಿ ಪಕ್ಕದಲ್ಲಿ ಅತ್ತೆ ದಡಕ್ಕನೆ ಎದ್ದು, ಕಲ್ಲಿನಿಂದ ಗಂಗಾಳ ಬಡಿದು, "ಹೋ... ಹೊಯ್! ಹೊಯ್!" ಎಂದು ಕಾಡೆಲ್ಲ ಮೊಳಗುವಂತೆ ಕೂಗಿದರು.

ಬುದ್ಧಿ ಬಂದಾಗಿನಿಂದ ಜೋಳದ ಹೊಲದ ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸಿದ ಹೆಣ್ಣುಮಗಳು. ಫಲದ ಮೇಲೆ ಹಕ್ಕಿ ಕೂತದ್ದು ಕಂಡರೆ ಕೈ ಸುಮ್ಮನಿರುತ್ತದೆಯೇ? ಮಂಗಟ್ಟೆ ಕಡಲ ಕಡೆಗೆ ಹಾರಿ ಕಣ್ಮರೆಯಾಯಿತು. ಅತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡು ಕುಸಿದರು. "ಕೈ ತಾನ ಎದ್ದತವ್ವಾ" ಎಂದರು. ನನಗೆ ಅಳು, ಸಿಟ್ಟು ಎರಡೂ ಬಂದವು. ಮೇಡಂ ಮುಖ ಬಿಳಿಚಿಕೊಂಡಿತ್ತು. "ಹೊಳ್ಳಿ ಬಂದ್ರ ಬರಬಹುದು, ಬರದಿದ್ರ ಇಲ್ಲ. ಕಾಯೂಣು" ಎಂದಷ್ಟೇ ಹೇಳಿದರು.

ಕಾದೆವು. ಸೀಳಿನಲ್ಲಿ ಹೆಣ್ಣಿನ ಕೊಕ್ಕು ಮೂಡುವುದು, ಬಾಯಿ ತೆರೆಯುವುದು, ಖಾಲಿ ಬಾಯಿ ಮುಚ್ಚಿ ಒಳಗೆ ಹೋಗುವುದು. ನೋಡಲು ಆಗುತ್ತಿರಲಿಲ್ಲ ಅವ್ವ. ನೌಕರಿ ಹೋದರೆ ಹೋಗಲಿ, ಆ ಗಂಡು ಒಮ್ಮೆ ಬಂದರೆ ಸಾಕು ಎಂದು ಬೇಡಿಕೊಂಡೆ. ಹಾಲು ಉಕ್ಕುವಷ್ಟು ಹೊತ್ತೂ ಬಾಯಿ ಮುಚ್ಚಿರಲಾರದ ನಮ್ಮತ್ತೆ ಕಲ್ಲಾಗಿ ಕೂತಿದ್ದರು. ಪಾದಕ್ಕೆ ಕೆಂಜಿಗ ಹತ್ತಿ ಕಚ್ಚಿದರೂ ಅಲುಗಲಿಲ್ಲ. ರೊಟ್ಟಿ ಮುಂದಿಟ್ಟರೆ, "ಆಕಿ ಉಪಾಸ ಅದಾಳ, ನಾ ಹೆಂಗ ತಿನ್ನಲಿ?" ಎಂದು ಪಿಸುಗುಟ್ಟಿದರು.

ಹೊತ್ತು ಕಡಲಿಗೆ ಇಳಿಯತೊಡಗಿದಾಗ ಮತ್ತೆ ಅದೇ ಗಿರಣಿಯ ಸದ್ದು! ದೂರದ ಮರದ ಮೇಲೆ ಕೂತು ನಮ್ಮ ಕಡೆ ಬಹಳ ಹೊತ್ತು ಅನುಮಾನದಿಂದ ನೋಡಿತು. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದರು. ಆಮೇಲೆ ಒಂದೇ ಹಾರಿಕೆಗೆ ಗೂಡಿನ ಬಾಯಿಗೆ ಬಂತು. ಗಂಟಲಿನಿಂದ ಹಣ್ಣನ್ನು ಒಂದೊಂದಾಗಿ ಕೊಕ್ಕಿನ ತುದಿಗೆ ತಂದು ಸೀಳಿನೊಳಗೆ ಕೊಟ್ಟಿತು. ಕೊಟ್ಟೇ ಕೊಟ್ಟಿತು! ಅತ್ತೆ ಸದ್ದಾಗದಂತೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತರು. ನನಗೂ ಅಳು ಬಂತು, ಕಣ್ಣು ಒರೆಸಿಕೊಳ್ಳುತ್ತಲೇ ಎಲ್ಲವನ್ನೂ ಬರೆದುಕೊಂಡೆ.

ಬಿಡಾರಕ್ಕೆ ಮರಳುವಾಗ ಮೇಡಂ ನನ್ನ ಬೆನ್ನು ತಟ್ಟಿದರು. "ಅಳಕೋತನೂ ಕೆಲಸಾ ಬಿಡಲಿಲ್ಲ ನೀ. ನಾಳಿಂದ ಈ ಗೂಡು ನಿಂದ" ಎಂದರು. ದಂಡೆಗೆ ಬಂದದ್ದೇ ಅತ್ತೆ, "ಇಲ್ಲಿ ಕೂಗಿದ್ರ ನಡೀತೈತೇನ್ರಿ ಮೇಡಂ?" ಎಂದು ಕೇಳಿದರು. ಮೇಡಂ ನಕ್ಕು ತಲೆಯಾಡಿಸಿದರು. ಅತ್ತೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ತೆರೆಯೊಳಗೆ ನಿಂತು, ಕಡಲಿಗೆ ಎದುರಾಗಿ "ಹೋ... ಹೊಯ್!" ಎಂದು ಕೂಗಿದರು ನೋಡು! ನಾನೂ ಕೂಗಿದೆ, ಮೇಡಂ ಕೂಡ ಕೂಗಿದರು. ಗಂಟಲು ಇವತ್ತಿಗೂ ಕಟ್ಟಿದೆ. ಇಷ್ಟು ಖುಷಿ ನನಗೆ ಮದುವೆಯಲ್ಲೂ ಆಗಿರಲಿಲ್ಲ. ಕಾಕಾ, ಇದನ್ನು ಮಾತ್ರ ಮೆಲ್ಲಗೆ ಓದಿ.

ಉಪ್ಪುನೀರಲ್ಲಿ ಪಾದ ಊರಿ ನಿಂತ ನಿನ್ನ ಮಗಳು,
ಗುತ್ತೆವ್ವ

ತಾ.ಕ.: ಬರೆಯಬಾರದು ಅಂತಿದ್ದೆ, ಅತ್ತೆ ಬಿಡುತ್ತಿಲ್ಲ. ನಾವು ಹೊರಡುವ ಮೊದಲು ನೀನು ಹಾನಗಲ್ ಸಂತೆಗೆ ಬಂದು, ಕಾಡು ತೋರಿಸಿ ಹೆದರಿಸಿ ನನ್ನನ್ನು ಹೊಳ್ಳಿ ಕರೆತರಬೇಕೆಂದು ಅವರ ಕೈಹಿಡಿದು ಅತ್ತದ್ದು ನಿನ್ನೆ ದಂಡೆಯ ಮೇಲೆ ಗೊತ್ತಾಯಿತು. ನನಗೆ ಸಿಟ್ಟಿಲ್ಲ ಅವ್ವ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಬೀಗ್ತಿ, ಕರಕೊಂಡು ಬರ್ತೇನಿ ಅಂತ ಮಾತು ಕೊಟ್ಟಿದ್ದೆ, ಮುರದೇನಿ. ಯಲ್ಲಪ್ಪ ಅನ್ನಾ ಕುದಸಾಕ ಕಲೀಲಿ. ಆದ್ರ ಇನ್ನೊಂದು ಮಾತೂ ಕೇಳಿದ್ರಿ, ಕಾಡಿನ್ಯಾಗ ಒಬ್ಬಾಕಿನ್ನ ಬಿಟ್ಟು ಬರಬ್ಯಾಡ್ರಿ ಅಂತ. ಅದನ್ನ ಮುರಿಯಂಗಿಲ್ಲ. ಮರಿ ಹಾರೂತನಕ ನಾನೂ ಇಲ್ಲೇ ಇರ್ತೇನಿ."