ಖಾಲಿ ಮನೆಯ ಕಾಯಿ

ಮಂಜಗುಣಿ
೧೨ ಆಗಸ್ಟ್ ೨೦೨೫

ಪ್ರೀತಿಯ ಕಾಶಿಗೆ,

ನಿನ್ನ ಯಶೋದಾ ಮಾಡುವ ನಮಸ್ಕಾರ. ನಾನು, ಮಗಳು ಪ್ರಗತಿ ಇಬ್ಬರೂ ಕ್ಷೇಮ. ನೀನು ಮಗಳು ಲತಾಳ ಕೈಯಲ್ಲಿ ಕೊಟ್ಟು ಕಳಿಸಿದ ಒಣ ಸಿಗಡಿ ತಲುಪಿ ತಿಂಗಳಾಯಿತು. ತಿಂದು ಮುಗಿಸಿದ ಮೇಲೆ ಕಾಗದ ಬರೆಯುತ್ತಾಳೆ ಎಂದು ಬೈಯಬೇಡ. ಬೈದರೂ ಕೋಡಿಬಾಗದಿಂದ ಇಲ್ಲಿಗೆ ಕೇಳುವುದಿಲ್ಲ. ಫೋನ್ ಇರುವಾಗ ಕಾಗದ ಯಾಕೆ ಎಂದು ಪ್ರಗತಿಯೂ ಕೇಳಿದಳು. ಫೋನಿನಲ್ಲಿ ನೀನು ನನಗೆ ಮಾತಾಡಲು ಎಲ್ಲಿ ಬಿಡುತ್ತೀ? ನನ್ನ ಅಕ್ಷರ ಏಡಿ ನಡೆದ ಹಾಗೆ. ಅದಕ್ಕೆ ನಾನು ಹೇಳುತ್ತಿದ್ದೇನೆ, ಮಗಳು ಬರೆಯುತ್ತಿದ್ದಾಳೆ.

ಅವಳಿಗೆ ಅಂಕೋಲೆಯ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ಈಗ ನನ್ನ ಸೊಂಟ ನೋವಿಗೂ ಅವಳೇ ಡಾಕ್ಟರು.

ಇನ್ನು ದೊಡ್ಡ ಸುದ್ದಿ. ನಮ್ಮ ಮನೆಯವರು ತೀರಿಕೊಂಡ ಮೇಲೆ, ಹೋದ ವರ್ಷ ನೂಲ ಹುಣ್ಣಿಮೆಯ ಸಮುದ್ರಪೂಜೆಗೆ ನಮ್ಮ ಮನೆಯ ತೆಂಗಿನಕಾಯಿಯನ್ನು ಮೈದುನ ಪ್ರಕಾಶ ತನ್ನ ಕಾಯಿಯ ಜೊತೆ ಚಾಪೆಯ ಮೇಲಿಟ್ಟಿದ್ದ. ಕೇರಿಯ ಪದ್ಧತಿ ನೀನೇನು ಮರೆತಿಲ್ಲ. ಯಾವ ಮನೆಯ ಕಾಯಿ ಚಾಪೆಯ ಮೇಲಿದೆಯೋ ಆ ಮನೆಗೆ ವರ್ಷವಿಡೀ ದಡದಲ್ಲಿ ರಂಪಣಿ ಬಲೆ ಎಳೆಯುವ ಪಾಳಿ, ಬಂದ ಮೀನಿನಲ್ಲಿ ಪಾಲು. ಆ ಪಾಲು ಹೋಗುವುದು ಕಾಯಿ ಇಟ್ಟ ಕೈಗೆ. ಹೀಗಾಗಿ ಹಗ್ಗ ಎಳೆದವಳು ನಾನು, ತುಂಬಿದ್ದು ಪ್ರಕಾಶನ ಬುಟ್ಟಿ. ನಮಗೆ ಅವನು ಕೊಟ್ಟದ್ದು ಜಜ್ಜಿಹೋದ ತಾರ್ಲೆ ಮೀನು. ಕೇಳಿದರೆ, "ವೈನಿ, ನಿಮ್ದು ಖಾಲಿ ಮನೆ. ಎರಡು ಹೊಟ್ಟೆಗೆ ಎಷ್ಟು ಬೇಕು?" ಎಂದ.

ಗಂಡಸಿಲ್ಲದ ಮನೆ ಖಾಲಿ ಮನೆ. ಇಬ್ಬರು ಉಂಡು, ಮಲಗಿ, ಜಗಳ ಆಡುವ ಮನೆ ಖಾಲಿ ಹೇಗಾಗುತ್ತದೆ ಎಂದು ಪ್ರಗತಿ ಕೇಳಿದಳು. ಈ ಸಲ ಕಾಯಿ ನಾನೇ ಇಡುತ್ತೇನೆ ಎಂದು ನಿಶ್ಚಯ ಮಾಡಿದೆ.

ಶನಿವಾರ ನೂಲ ಹುಣ್ಣಿಮೆಯ ಬೆಳಿಗ್ಗೆ ಕೇರಿಯ ಯಜಮಾನ, ಬುಧವಂತ ಜಗದೀಶಣ್ಣ ದಡದಲ್ಲಿ ಚಾಪೆ ಹಾಸಿ ಒಂದೊಂದೇ ಮನೆಯನ್ನು ಕೂಗಿದ. ಬೀರಾನ ಮನೆ, ಕಿಶನನ ಮನೆ. ಒಬ್ಬೊಬ್ಬರೇ ಬಂದು ಕಾಯಿ ಇಟ್ಟರು. ನಾನೂ ಕಾಯಿ ಹಿಡಿದು ನಿಂತಿದ್ದೆ. "ರಾಮಾನ ಮನೆ" ಎಂದು ನಮ್ಮವರ ಹೆಸರು ಕೂಗಿದವನು ತಲೆಯನ್ನೂ ಎತ್ತದೆ, "ಖಾಲಿ. ಪ್ರಕಾಶಾ, ನೀನೇ ಇಡು" ಎಂದ.

"ಖಾಲಿ ಎಂತಕೆ ಜಗದೀಶಣ್ಣ? ನಾ ಇದ್ನಲ್ಲ" ಎಂದು ಹೋಗಿ ಇಟ್ಟೇಬಿಟ್ಟೆ.

ಪ್ರಕಾಶ ಕಾಯಿ ತೆಗೆಯಲು ಬಗ್ಗಿದ. ಅಷ್ಟರಲ್ಲಿ ಪ್ರಗತಿ ಅದರ ಮೇಲೆ ಕೈಯಿಟ್ಟು ಕೂತುಬಿಟ್ಟಳು. (ಇದನ್ನು ಬರೆಯುವುದಿಲ್ಲ ಎನ್ನುತ್ತಿದ್ದಾಳೆ. ಬರೆ ಎಂದೆ.) "ಕಾಕಾ, ತೆಗೆಯುದಾದ್ರೆ ನನ್ ಕೈ ಸಮೇತ ತೆಗಿ" ಎಂದಳು.

"ಹೆಂಗಸ್ರು ಕಾಯಿ ಇಟ್ರೆ ಸಮುದ್ರ ಮುನಿತದೆ ಯಶೋದಾ" ಎಂದ ಜಗದೀಶಣ್ಣ.

"ಮೂವತ್ತು ವರ್ಷ ಅದ್ರ ಮೀನು ತಲೆ ಮೇಲೆ ಹೊತ್ತೆ. ಆವಾಗ ಮುನಿಲಿಲ್ಲ" ಎಂದೆ. ಸಿಟ್ಟು ಅರ್ಧ, ಹೆದರಿಕೆ ಅರ್ಧ. ಆಗ ಹಿಂದಿನಿಂದ ಮಾತಾಡಿದವಳು ಮಾದೇವಿ, ಜಗದೀಶಣ್ಣನ ಸ್ವಂತ ತಾಯಿ. "ಆ ಕಾಯಿ ತೆಗೆದ್ರೆ ನಾಳಿಂದ ಬುಟ್ಟಿ ಹೊತ್ಕಂಡು ಪೇಟಿಗೆ ನೀವೇ ಹೋಗಿ" ಎಂದಳು. ಹೆಂಗಸರೆಲ್ಲ ಅವಳ ಹಿಂದೆ ಬಂದು ನಿಂತರು.

ಜಗದೀಶಣ್ಣ ಸುಮ್ಮಸುಮ್ಮನೆ ಬುಧವಂತ ಆದವನಲ್ಲ. "ಪದ್ಧತಿ ನಾ ಮಾಡಿದ್ದಲ್ಲ. ಹಿಂದೆ ಒಬ್ಳೇ ಒಬ್ಳು ಹೆಂಗಸು ಈ ಚಾಪೆ ಮೇಲೆ ಕಾಯಿ ಇಟ್ಟದ್ದು ತೋರ್ಸಿ. ಮರುಮಾತಿಲ್ದೆ ಒಪ್ತೆ" ಎಂದ. ಮಾದೇವಿಯೂ ಸೇರಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಯಾರಿಗೂ ನೆನಪಿಲ್ಲ. ೨೪ರ ಭಾನುವಾರ ಕೇರಿಯ ಕೂಟದಲ್ಲಿ ತೀರ್ಮಾನವಂತೆ. ಅಲ್ಲಿಯವರೆಗೆ ನಮ್ಮ ಕಾಯಿ ಮಾದೇವಿಯ ಮನೆಯಲ್ಲಿ, ನಮಗೆ ಪಾಳಿ ಇಲ್ಲ. ಬಲೆ ಇಳಿದು ಎರಡು ದಿನವಾಯಿತು. ನಾನು ದಡದಲ್ಲಿ ನಿಂತು ಬೇರೆಯವರು ಎಳೆಯುವುದನ್ನು ನೋಡುತ್ತಿದ್ದೇನೆ.

ಕಾಶಿ, ಭಾನುವಾರ ನೀನು ಬರಬೇಕು. ನೀನೂ ಈ ಕೇರಿಗೆ ನನ್ನ ಜೊತೆಗೇ ಸೊಸೆಯಾಗಿ ಬಂದವಳು, ಗಂಡನಿಲ್ಲದೆ ಖಾಲಿ ಮನೆ ಎನ್ನಿಸಿಕೊಂಡೇ ಕೇರಿ ಬಿಟ್ಟವಳು. ನೀನು ಪಕ್ಕದಲ್ಲಿದ್ದರೆ ನನಗೆ ಧೈರ್ಯ. ಲತಾಳಿಗೆ ನನ್ನ ಆಶೀರ್ವಾದ ಹೇಳು. ವೆಂಕಟರಮಣ ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ,
ಯಶೋದಾ

ತಾ.ಕ.: ಇದು ನನ್ನದೇ ಕೈಬರಹ. ಪ್ರಗತಿ ಕೆಲಸಕ್ಕೆ ಹೋದಳು. ಅವಳ ಕೈಯಲ್ಲಿ ಬರೆಸಲು ಬಾಯಿ ಬರಲಿಲ್ಲ.

ಜಗದೀಶಣ್ಣ ಕೇಳಿದಾಗ ನಾನೂ ಸುಮ್ಮನೆ ನಿಂತಿದ್ದೆ. ಆದರೆ ಒಬ್ಬಳು ಇಟ್ಟಿದ್ದಳು. ಹನ್ನೊಂದು ವರ್ಷದ ಹಿಂದೆ, ಜನ ಸೇರುವ ಮೊದಲೇ ನೀನು ಬಂದು ಅರಿಶಿನ ಹಚ್ಚಿದ ಕಾಯಿ ಇಟ್ಟು ಹೋದೆ. ಚಾಪೆಗೆ ಹೂ ಹಾಕಲು ಬಂದ ನಾನು ಅದನ್ನು ಕಂಡೆ. ಕಾಯಿಗೆ ಹಾಗೆ ಅರಿಶಿನ ಹಚ್ಚುವವಳು ಕೇರಿಯಲ್ಲಿ ನೀನೊಬ್ಬಳೇ, ನೋಡಿಯೇ ಯಾರದೆಂದು ತಿಳಿಯಿತು. ಆ ದಿನ ನಮ್ಮವರು ದೋಣಿ ಇಳಿಸುವವರಿದ್ದರು. ಸಮುದ್ರ ಮುನಿದರೆ ಮೊದಲು ಅವರನ್ನೇ ಒಯ್ಯುತ್ತದೆ ಎಂದು ಹೆದರಿದೆ. ಕಾಯಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದೆ. ನೀನು ಓಡಿ ಬಂದು ಕಾಯಿ ಎಲ್ಲಿ ಎಂದು ಗುಟ್ಟಾಗಿ ಕೇಳಿದಾಗ, "ತೆರೆ ಬಂದು ಒಯ್ತು ಮಾರಾಯ್ತಿ, ಸಮುದ್ರಕ್ಕೇ ಬೇಡಾಗಿತ್ತು" ಎಂದೆ. ಮರುತಿಂಗಳು ನೀನು ಲತಾಳ ಕೈ ಹಿಡಿದು ಕೋಡಿಬಾಗಕ್ಕೆ ಹೋದೆ. ನಮ್ಮವರನ್ನು ಸಮುದ್ರ ಒಯ್ಯಲಿಲ್ಲ. ಕಾಮಾಲೆಯಾಗಿ ಹಾಸಿಗೆಯಲ್ಲೇ ಹೋದರು.

ಭಾನುವಾರ ಕೂಟದಲ್ಲಿ, ಮಗಳ ಎದುರಿಗೇ, ಇದನ್ನು ಹೇಳುತ್ತೇನೆ. ನೀನು ಬಂದರೂ ಹೇಳುತ್ತೇನೆ, ಬಾರದಿದ್ದರೂ ಹೇಳುತ್ತೇನೆ. ನಿನಗೆ ಮೊದಲು ತಿಳಿಯಲಿ ಎಂದು ಬರೆದೆ. ಅಂದು ಚಾಪೆ ಒಣಗಿಯೇ ಇತ್ತು ಕಾಶಿ. ನೀನು ನನ್ನ ಮಾತು ನಂಬಿ ಅದನ್ನು ಮುಟ್ಟಿಯೂ ನೋಡಲಿಲ್ಲ.