ಹಾಸಿಗೆಯ ಮೇಲೆ ಬಿದ್ದದ್ದು

ಮನೆಯಿಂದ,
ಮಂಗಳವಾರ ಮಧ್ಯಾಹ್ನ

ನನ್ನ ಮುದ್ದಿನ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ಹೇಗಿದ್ದೀಯೆ? ಕತ್ತು ನೋವು ಕಡಿಮೆಯಾಯಿತೆ? ಕಂಪ್ಯೂಟರಿನ ಮುಂದೆ ಬೆನ್ನು ಬಾಗಿಸಿ ಕೂರಬೇಡ, ಭುಜ ಹಿಂದಕ್ಕೆ, ಗದ್ದ ಮೇಲಕ್ಕೆ ಎಂದು ನೀನು ಒಂದನೇ ಕ್ಲಾಸಿನಲ್ಲಿದ್ದಾಗಿನಿಂದ ಹೇಳುತ್ತಿದ್ದೇನೆ. ಊರಿನ ಹೆಣ್ಣುಮಕ್ಕಳೆಲ್ಲ ಈ ವ್ಯಾಯಾಮದ ಟೀಚರ ಮಾತು ಕೇಳಿದರು, ಮನೆಯ ಮಗಳೊಬ್ಬಳನ್ನು ಬಿಟ್ಟು. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪನ ಕೆಮ್ಮು ಹಾಗೇ ಇದೆ, ಹಟವೂ ಹಾಗೇ ಇದೆ. ಫೋನಿರುವಾಗ ಇವಳೇಕೆ ಕಾಗದ ಬರೆದಳು ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನಾನು ಬಾಯಿ ತೆಗೆಯುವಷ್ಟರಲ್ಲಿ ‘ಅಮ್ಮ, ಆಮೇಲೆ ಮಾಡ್ತೀನಿ’ ಅನ್ನುತ್ತೀಯ. ಕಾಗದದ ಬಾಯಿ ಮುಚ್ಚಿಸಲು ನಿನಗೆ ಬರುವುದಿಲ್ಲ.

ಸುದ್ದಿ ಒಂದೇ, ಅದೂ ಒಳ್ಳೆಯದಲ್ಲ. ನಮ್ಮ ಬೀದಿಯ ತಿರುವಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳಲ್ಲ, ನಿನ್ನ ಸ್ಕೂಲಿನ ಯೂನಿಫಾರ್ಮುಗಳನ್ನೆಲ್ಲ ಹೊಲಿದವಳು, ಅವಳ ಅತ್ತೆ ಹೋದ ವಾರ ಬಚ್ಚಲಲ್ಲಿ ಬಿದ್ದರು. ಸೊಂಟದ ಮೂಳೆ ಮುರಿದಿದೆ. ಬೆಳಿಗ್ಗೆ ಸೊಸೆ ಅಂಗಡಿಗೆ ಹೊರಟ ಸ್ವಲ್ಪ ಹೊತ್ತಿಗೇ ಬಿದ್ದದ್ದಂತೆ. ಅವಳು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗಲೇ ಗೊತ್ತಾದದ್ದು. ಅಷ್ಟು ಹೊತ್ತೂ ಆ ಹಿರಿಯ ಜೀವ ಒದ್ದೆ ನೆಲದ ಮೇಲೆ ಬಿದ್ದಿತ್ತು. ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ಕೈಯಲ್ಲಿ ಗಡಿಯಾರವಿತ್ತು ಪುಟ್ಟಿ. ಬಿದ್ದರೆ ತಾನೇ ಮನೆಯವರಿಗೆ ಫೋನು ಮಾಡುತ್ತದೆ ಎಂದು ಹೊಸ ಸಾಮಾನು ಪರೀಕ್ಷಿಸುವ ನಿನ್ನ ವಿಡಿಯೋದಲ್ಲಿ ತೋರಿಸಿದೆಯಲ್ಲ, ಅದೇ ಗಡಿಯಾರ. ಸೊಸೆಯ ಫೋನು ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಇತ್ತು. ಒಂದು ಸಲವೂ ಹೊಡೆದುಕೊಳ್ಳಲಿಲ್ಲ.

ಮೊದಲೆಲ್ಲ ಅವಳು ಅತ್ತೆಯನ್ನು ದಿನವೂ ಕೈಹಿಡಿದು ಅಂಗಡಿಗೆ ಕರೆತರುತ್ತಿದ್ದಳು. ಕಿಟಕಿಯ ಹತ್ತಿರ ಒಂದು ಬೆತ್ತದ ಕುರ್ಚಿ, ಅದರಲ್ಲಿ ಕೂತು ಅತ್ತೆ ಗುಂಡಿಗಳನ್ನು ಬಣ್ಣ ಬಣ್ಣ ಬೇರೆ ಮಾಡುತ್ತಾ ಬಂದವರನ್ನೆಲ್ಲ ಮಾತಾಡಿಸುತ್ತಿದ್ದರು. ಅದನ್ನು ಬಿಡಿಸಿದವಳು ನಾನು. ‘ಈ ವಯಸ್ಸಲ್ಲಿ ಅವರನ್ನ ಯಾಕೆ ದಿನಾ ಎಳ್ಕೊಂಡು ಬರ್ತೀಯ? ಒಂದು ಗಡಿಯಾರ ಕಟ್ಟು ಸಾಕು. ನನ್ನ ಮಗಳೇ ಪರೀಕ್ಷೆ ಮಾಡಿದ್ದಾಳೆ, ಬಿದ್ದು ತೋರಿಸಿದವಳು ನಾನೇ’ ಎಂದು ಎದೆಯುಬ್ಬಿಸಿ ಹೇಳಿದೆ. ಅವಳಿಗೆ ಮಾತ್ರವಲ್ಲ, ಬೀದಿಗೆಲ್ಲ ಹೇಳಿದೆ. ನಿನ್ನ ವಿಡಿಯೋದಲ್ಲಿ ಮುಖ ಬಂದ ಮೇಲೆ ನನ್ನ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಸುದ್ದಿ ತಿಳಿದ ಮಾರನೆಯ ದಿನ ಆಸ್ಪತ್ರೆಗೆ ಹೋಗಿದ್ದೆ. ಅವಳು ಜಗಳವಾಡುತ್ತಾಳೆ, ನಿಮ್ಮ ಮಾತು ಕೇಳಿ ಕೆಟ್ಟೆ ಎಂದು ನನ್ನ ಮುಖಕ್ಕೆ ಉಗಿಯುತ್ತಾಳೆ ಅಂದುಕೊಂಡು ಹೋದೆ. ಹಾಗೆ ಮಾಡಿದ್ದರೆ ಎಷ್ಟೋ ವಾಸಿಯಿತ್ತು. ನನ್ನನ್ನು ಕಂಡವಳೇ ಸ್ಟೂಲು ಎಳೆದು ಕೂರಿಸಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: ‘ಟೀಚರೇ, ನೀವು ಬಿದ್ದಾಗ ಗಡಿಯಾರದ ಪಟ್ಟಿ ಎಷ್ಟು ಬಿಗಿಯಾಗಿ ಕಟ್ಟಿದ್ರಿ? ಅತ್ತೆಗೆ ಕೈ ನೋಯುತ್ತೆ ಅಂತ ನಾನು ಸ್ವಲ್ಪ ಸಡಿಲ ಕಟ್ಟಿದ್ದೆ. ನನ್ನಿಂದಲೇ ಆಯ್ತೇನೋ.’ ಭೂಮಿ ಬಾಯಿಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ. ಆದರೆ ನಾನೇನು ಹೇಳಿದೆ ಗೊತ್ತೆ? ‘ಸ್ವಲ್ಪ ಬಿಗಿಯಾಗೇ ಇತ್ತು’ ಅಂದೆ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ. ಮಂಚದ ಮೇಲೆ ಮಲಗಿದ್ದ ಆ ಅತ್ತೆಯ ಮುಖ ನೋಡಲಾಗದೆ ಎದ್ದು ಬಂದೆ. ಅವತ್ತಿನಿಂದ ಅಂಗಡಿಯ ಮುಂದೆ ಹಾಯಬೇಕಾಗುತ್ತದೆಂದು ಹಿಂದಿನ ಬೀದಿಯಿಂದ ಸುತ್ತಿ ಬರುತ್ತಿದ್ದೇನೆ.

ನೀನು ವಿಡಿಯೋ ತೆಗೆದ ದಿನ ನಮ್ಮ ಮನೆಯ ಹಾಲಿನಲ್ಲಿ ನಡೆದದ್ದು ನಿನಗೆ ಮರೆತಿರಲಾರದು. ಮಾರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಪುಕ್ಕಟೆ ಗಡಿಯಾರ ಪಡೆದವರೆಲ್ಲ ವಿಡಿಯೋ ಹಾಕಬೇಕೆಂದು ಅದರ ಕಂಪನಿಯ ಕಟ್ಟಪ್ಪಣೆ. ಒಂದು ಗಂಟೆ ತಡವಾದರೂ ಯಾರೂ ನೋಡುವುದಿಲ್ಲ ಎಂದು ನೀನು ಊಟವನ್ನೂ ಮಾಡದೆ ಓಡಾಡುತ್ತಿದ್ದೆ. ನಿಮ್ಮಪ್ಪ ಹಾಸಿಗೆ ಎಳೆದು ತಂದು ಹಾಸಿದರು. ಪೆಟ್ಟಾಗದಂತೆ ಬೀಳುವುದನ್ನು ಹುಡುಗಿಯರಿಗೆ ಕಲಿಸಿಯೇ ನಿವೃತ್ತಳಾದವಳು ನಾನು, ಬೀಳುವುದೇನು ಮಹಾ! ಮುಂದಕ್ಕೆ ಬಿದ್ದೆ, ಪಕ್ಕಕ್ಕೆ ಬಿದ್ದೆ, ಕಾಲು ಎಡವಿದಂತೆ ಮಾಡಿ ಬಿದ್ದೆ. ನಿಮ್ಮಪ್ಪ ನಕ್ಕು ನಕ್ಕು ಕೆಮ್ಮಿದರು. ಗಡಿಯಾರ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ‘ಹಾಸಿಗೆ ಮೆತ್ತಗಿದೆಯಲ್ಲ ಅಮ್ಮ, ಅದಕ್ಕೆ ಗೊತ್ತಾಗ್ತಿಲ್ಲ. ಗಟ್ಟಿ ನೆಲದಲ್ಲಾದ್ರೆ ಗೊತ್ತಾಗುತ್ತೆ, ಅವರ ಪುಸ್ತಕದಲ್ಲೇ ಬರೆದಿದ್ದಾರೆ’ ಅಂದೆ. ಕೊನೆಯ ಸಲ ಬಿದ್ದಾಗ ನೀನೇ ಬಗ್ಗಿ ಗಡಿಯಾರದ ಪಕ್ಕದ ಗುಂಡಿ ಒತ್ತಿದೆ. ನಿಮ್ಮಪ್ಪನ ಫೋನು ಹೊಡೆದುಕೊಂಡಿತು. ವಿಡಿಯೋದಲ್ಲಿ ನಿನ್ನ ಕೈ ಕಾಣದಂತೆ ಆ ತುಣುಕನ್ನು ಕತ್ತರಿಸಿ ಹಾಕಿದೆ. ಇದು ಸರಿಯೇ ಎಂದು ಕೇಳಲು ಬಾಯಿ ತೆಗೆದ ನಾನು, ನನ್ನ ತಲೆ ಬಾಚಿದ್ದು ಸರಿಯಾಗಿ ಬಂದಿದೆಯೇ ಎಂದು ಕೇಳಿದೆ. ಉದ್ದ ಜಿಗಿತದಲ್ಲಿ ಗೆರೆ ತುಳಿದು ಹಾರಿದ ಹುಡುಗಿಗೆ ಜನ್ಮದಲ್ಲಿ ಅಳತೆ ಕೊಟ್ಟವಳಲ್ಲ ನಾನು. ಸ್ವಂತ ಮಗಳು ಗೆರೆ ತುಳಿದಾಗ ಕೆಂಪು ಬಾವುಟ ಎತ್ತಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಆ ಗಡಿಯಾರದ ಬಗ್ಗೆ ಬೇರೆಯವರು ಮಾಡಿದ ವಿಡಿಯೋಗಳನ್ನೆಲ್ಲ ಕೂತು ನೋಡಿದೆ. ಗಡ್ಡದವನು, ಗಿಣಿಯ ಹಾಗೆ ಉಲಿಯುವ ಹುಡುಗಿ, ದೊಡ್ಡ ಪತ್ರಿಕೆಯ ಕೋಟಿನವರು, ಎಲ್ಲರೂ ಅದೇ ದಿನ ಅದೇ ಒಂಬತ್ತಕ್ಕೆ ಹಾಕಿದ್ದಾರೆ. ಎಲ್ಲರ ಬಾಯಲ್ಲೂ ‘ನೀವಿಲ್ಲದಾಗ ನಿಮ್ಮ ಕಣ್ಣು’ ಎನ್ನುವ ಅದೇ ಮಾತು. ನಾನದನ್ನು ನಿನ್ನದೇ ಮಾತು ಅಂದುಕೊಂಡು ಎಷ್ಟು ಜನಕ್ಕೆ ಹೇಳಿ ಹಿಗ್ಗಿದ್ದೆ! ಅದೂ ಕಂಪನಿಯ ಪುಸ್ತಕದ್ದೇ. ಅಷ್ಟು ಜನರಲ್ಲಿ ಒಬ್ಬರೂ ಬಿದ್ದು ನೋಡಿಲ್ಲ. ಬಿದ್ದವಳು ನಾನೊಬ್ಬಳೇ, ನಾನು ಬಿದ್ದದ್ದೂ ಸುಳ್ಳಾಯಿತು. ತೀರಾ ಕೆಳಗೆ ಹುಡುಕಿದಾಗ ಇನ್ನೊಬ್ಬನ ಬರಹ ಸಿಕ್ಕಿತು. ಹೋದ ವರ್ಷ ಅವರ ಯಾವುದೋ ಸಾಮಾನು ಚೆನ್ನಾಗಿಲ್ಲ ಎಂದು ಬರೆದದ್ದಕ್ಕೆ ಈ ವರ್ಷ ಕರೆಯೂ ಇಲ್ಲ, ಗಡಿಯಾರವೂ ಇಲ್ಲ ಎಂದು ನೀನೇ ಹೇಳಿ ನಕ್ಕಿದ್ದೆಯಲ್ಲ, ಅವನೇ. ಪಾಪ, ಅಂಗಡಿಯಲ್ಲಿ ಕೊಂಡುಕೊಂಡು, ಕಟ್ಟಿ ನೋಡಿ, ಗೋಡೆ ಹಿಡಿದು ಮೆಲ್ಲಗೆ ಜಾರಿದರೆ ಇದಕ್ಕೆ ತಿಳಿಯುವುದಿಲ್ಲ ಎಂದು ಬರೆದಿದ್ದಾನೆ. ಅತ್ತೆ ಜಾರಿದ್ದೂ ಹಾಗೇ, ಗೋಡೆ ಹಿಡಿದೇ. ಅವನು ಬರೆಯುವ ಹೊತ್ತಿಗೆ ನಮ್ಮ ಬೀದಿಯವರೆಲ್ಲ ಗಡಿಯಾರ ಕಟ್ಟಿಯಾಗಿತ್ತು.

ಆ ಕಂಪನಿಯವರನ್ನು ನಾನು ನಮ್ಮ ಬೀಗರು ಎಂದು ಹಾಸ್ಯ ಮಾಡುತ್ತಿದ್ದೆ. ಅವರು ಕರೆದರೆ ಓಡುವುದು, ಕೊಟ್ಟದ್ದನ್ನು ಹೊಗಳುವುದು, ಎಲ್ಲಿ ಮುನಿಸಿಕೊಳ್ಳುತ್ತಾರೋ ಎಂದು ಅಳೆದು ಸುರಿದು ಮಾತಾಡುವುದು. ಈಗ ಆ ಹಾಸ್ಯ ನನಗೇ ಹೇಸಿಗೆ ಹುಟ್ಟಿಸುತ್ತದೆ. ನಿನ್ನ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಒಮ್ಮೆ ಅವರ ಕಣ್ಣಿಗೆ ಕೆಟ್ಟವಳಾದರೆ ಮುಂದಿನ ಸಲ ನೀನೂ ಬಾಗಿಲ ಹೊರಗೇ. ಮುಂದಿನ ತಿಂಗಳ ಅವರ ದೊಡ್ಡ ಸಮಾರಂಭಕ್ಕೆ ಮುಂದಿನ ಸಾಲಿನ ಕುರ್ಚಿ ಸಿಕ್ಕಿದೆ ಎಂದು ಕುಣಿದಾಡಿದ್ದೆ. ನಾನೂ ಕುಣಿದೆ. ಈಗ ಕುರ್ಚಿ ಅಂದರೆ ನನಗೆ ಕಿಟಕಿಯ ಹತ್ತಿರದ ಆ ಬೆತ್ತದ ಕುರ್ಚಿ ನೆನಪಾಗುತ್ತದೆ. ಅದರ ಮೇಲೆ ಈಗ ಬಟ್ಟೆಯ ಗಂಟು ಇಟ್ಟಿದ್ದಾರಂತೆ, ನಿಮ್ಮಪ್ಪ ನೋಡಿ ಬಂದರು.

ಆ ವಿಡಿಯೋ ಸರಿಮಾಡು ಪುಟ್ಟಿ. ಸುಮ್ಮನೆ ತೆಗೆದುಹಾಕಿ ಕೈತೊಳೆದುಕೊಳ್ಳಬೇಡ, ನಡೆದದ್ದನ್ನು ನಿನ್ನ ಬಾಯಿಂದಲೇ ಹೇಳು. ನನ್ನ ಮುಖವನ್ನೂ ಮರೆಮಾಡಬೇಡ. ನಿನ್ನ ಮೇಲೆ ಸಿಟ್ಟಿಲ್ಲ, ನಾಚಿಕೆಯಿದೆ, ಅದರಲ್ಲಿ ದೊಡ್ಡ ಪಾಲು ನನ್ನದೇ. ಹೊತ್ತು ಹೊತ್ತಿಗೆ ಊಟ ಮಾಡು. ತಣ್ಣೀರಲ್ಲಿ ತಲೆ ತೊಳೆಯಬೇಡ. ನಿಮ್ಮಪ್ಪ ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ನಿನಗೆ ಒಳ್ಳೆಯದಾಗಲಿ, ನೀನೂ ಒಳ್ಳೆಯವಳಾಗಿಯೇ ಇರು.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಕಾಗದ ಮಡಚಿ ಕೊರಿಯರ್‌ಗೆ ಹೊರಟವಳು ಇವತ್ತು ಹಿಂದಿನ ಬೀದಿ ಹಿಡಿಯಲಿಲ್ಲ. ನೆಟ್ಟಗೆ ಅಂಗಡಿಗೆ ಹೋಗಿ ಎಲ್ಲ ಹೇಳಿಬಿಟ್ಟೆ, ಹಾಸಿಗೆಯಿಂದ ಹಿಡಿದು ಗುಂಡಿಯವರೆಗೆ. ಈ ಸಾಲುಗಳನ್ನು ಅವಳ ಮೇಜಿನ ಮೇಲೇ ಬರೆಯುತ್ತಿದ್ದೇನೆ. ಅವಳು ಬಟ್ಟೆ ಕತ್ತರಿಸುತ್ತಿದ್ದಳು. ನಡುವೆ ನಿಲ್ಲಿಸುವಂತಿಲ್ಲವಲ್ಲ, ಆ ತುದಿಯವರೆಗೂ ಕತ್ತರಿಸಿ ಮುಗಿಸಿದಳು. ಆಮೇಲೆ ‘ಹಾಗಾದ್ರೆ ಪಟ್ಟಿ ಸಡಿಲ ಕಟ್ಟಿದ್ದರಿಂದ ಆಗಿದ್ದಲ್ಲ, ಅಲ್ವಾ?’ ಅಂದಳು. ಅಲ್ಲ ಅಂದೆ. ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಕಣ್ಣೊರೆಸಿಕೊಂಡು ಒಂದೇ ಮಾತು ಕೇಳಿದಳು: ‘ಇನ್ನೊಂದ್ಸಲ ಬೀಳ್ತೀರಾ? ನಾನು ವಿಡಿಯೋ ತೆಗೀತೀನಿ.’ ಒಪ್ಪಿಕೊಂಡಿದ್ದೇನೆ. ಭಾನುವಾರ ಬೆಳಿಗ್ಗೆ, ಇದೇ ಅಂಗಡಿಯಲ್ಲಿ, ಅತ್ತೆಯ ಗಡಿಯಾರ ಕಟ್ಟಿಕೊಂಡು, ಗೋಡೆ ಹಿಡಿದು ಜಾರುತ್ತೇನೆ. ಅದು ಕೂಗಿದರೂ ವಿಡಿಯೋ ಹಾಕುತ್ತಾಳೆ, ಕೂಗದಿದ್ದರೂ ಹಾಕುತ್ತಾಳೆ. ಗಟ್ಟಿ ನೆಲದಲ್ಲಾದರೆ ಗೊತ್ತಾಗುತ್ತೆ ಅಂದಿದ್ದೆಯಲ್ಲ, ಅದಕ್ಕೇ ಹಾಸಿಗೆ ಬೇಡ ಅಂದಿದ್ದೇನೆ. ನೀನು ಅಷ್ಟರೊಳಗೆ ಬಂದರೆ ಕ್ಯಾಮೆರಾ ನೀನೇ ಹಿಡಿ.